ನೆಗಡಿಗೆ ಮೂಗು ಕೊಯ್ಯುವವರು

"ಅಕ್ಕಾರ, ಇದು ಮುಗೀತ್ರಿ. ಇನ್ನ ಇದರ ಮ್ಯಾಲೆ ರೊಕ್ಕಾ ಹಾಕಬ್ಯಾಡ್ರಿ. ಹೊಸಾದು ತಗೊಂಡ್ಬಿಡ್ರಿ."

ರಿಪೇರಿ ಅಂಗಡಿಯ ಹುಡುಗ ಈ ತೀರ್ಪು ಕೊಡಲು ತೆಗೆದುಕೊಂಡದ್ದು ಎರಡೇ ನಿಮಿಷ. ನನ್ನ ಹನ್ನೊಂದು ವರ್ಷದ ಕಂಪ್ಯೂಟರಿನ ಗುಂಡಿ ಒತ್ತಿದ. ಪೆಟ್ಟಿಗೆ ಗರ್ರೆಂದು ಅರಚಿ ಸುಮ್ಮನಾಯಿತು. ಅದರ ಬೆನ್ನಿನ ಮೇಲೆ ಅಂಗೈ ಇಟ್ಟು, ಕಾದ ಹಂಚು ಮುಟ್ಟಿದವನಂತೆ ಕೈ ಹಿಂದೆ ತೆಗೆದುಕೊಂಡ. ತಲೆಯಾಡಿಸಿದ. ಹೊಸದಕ್ಕೆ 38,000 ರೂಪಾಯಿ ಆಗುತ್ತದೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟ. ಆ ಎರಡು ನಿಮಿಷದಲ್ಲಿ ಅವನು ಮಾಡದೇ ಬಿಟ್ಟ ಕೆಲಸ ಒಂದೇ: ಪೆಟ್ಟಿಗೆಯ ಮುಚ್ಚಳ ಬಿಚ್ಚಲಿಲ್ಲ.

ಇದು ನಡೆದದ್ದು 2025ರ ಏಪ್ರಿಲ್ ತಿಂಗಳ ಕಡೆಯ ವಾರ. ನಮ್ಮ ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಆ ಕಾಶಿಯ ಒಂದು ಮೂಲೆಯಲ್ಲಿ, ಮನೆಯ ಪಡಸಾಲೆಯಲ್ಲೇ ಕುಳಿತು, ಇಪ್ಪತ್ತೆರಡು ವರ್ಷಗಳಿಂದ ನಾನು ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಪ್ರವಚನದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಯಾರದೋ ಅಜ್ಜನ ಪುಣ್ಯತಿಥಿಯ ಕಾರ್ಡು, ಎಲ್ಲವೂ ನನ್ನ ಬೆರಳುಗಳ ಕೆಳಗಿನಿಂದಲೇ ಅಚ್ಚುಕೂಟಕ್ಕೆ ಹೋಗುತ್ತವೆ. ಯಜಮಾನರು ತೀರಿಕೊಂಡ ಮೇಲೆ ಮನೆ ನಡೆದದ್ದು, ಮಗಳು ಓದಿದ್ದು ಇದರಿಂದಲೇ. ಆ ವಾರ ನನ್ನ ಕೈಯಲ್ಲಿ ಒಂದು ಹೈಸ್ಕೂಲಿನ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಿತ್ತು. 112 ಪುಟ. ಹತ್ತು ದಿನದ ಗಡುವು. ಕಂಪ್ಯೂಟರ್ ಇಪ್ಪತ್ತು ನಿಮಿಷ ನಡೆಯುವುದು, ಫಕ್ಕನೆ ಆರಿಹೋಗುವುದು. ಮಗಳ ಕಾಲೇಜಿನ ಶುಲ್ಕಕ್ಕೆಂದು ಕೂಡಿಟ್ಟ ಹಣ ಹೆಚ್ಚುಕಡಿಮೆ ಆ ಚೀಟಿಯಲ್ಲಿದ್ದಷ್ಟೇ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದು ಬೇರೆ ಹೇಳಬೇಕೇ?

ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿರುವ ಅಣ್ಣನ ಮಗಳಿಗೆ ಫೋನು ಮಾಡಿದೆ. ಅವಳು ಕೇಳಿದ ಮೊದಲ ಪ್ರಶ್ನೆ: "ಅತ್ತೀ, ಅಂವ ಬಿಚ್ಚಿ ನೋಡಿದ್ನೇನು?"

"ಇಲ್ಲವಾ."

"ಮತ್ತ ಮುಗೀತು ಅಂತ ಅಂವಗ ಹೆಂಗ ಗೊತ್ತಾತು?"

ನನಗೆ ಈ ಪ್ರಶ್ನೆ ಹೊಳೆದಿರಲೇ ಇಲ್ಲ. ಯಾಕೆ ಹೊಳೆಯಲಿಲ್ಲ ಎಂಬುದೇ ಈ ಬರಹದ ವಿಷಯ.

ಅವಳು ಶನಿವಾರ ಬಂದಳು. ಬಂದವಳೇ ತಂತಿಗಳನ್ನೆಲ್ಲ ಕಿತ್ತು, ಪೆಟ್ಟಿಗೆಯನ್ನು ಅಡ್ಡ ಮಲಗಿಸಿ, ಸ್ಕ್ರೂ ಡ್ರೈವರನ್ನು ನನ್ನ ಕೈಗೇ ಕೊಟ್ಟಳು. "ನೀನ ಬಿಚ್ಚು" ಎಂದಳು. ಇಪ್ಪತ್ತೆರಡು ವರ್ಷ ಈ ಯಂತ್ರಗಳ ಅನ್ನ ಉಂಡವಳು ನಾನು. ಪ್ರತಿ ಶುಕ್ರವಾರ ಅವುಗಳ ಮೈ ಒರೆಸಿದ್ದೇನೆ, ಆಯುಧ ಪೂಜೆಗೆ ಕುಂಕುಮ ಹಚ್ಚಿದ್ದೇನೆ. ಒಳಗೆ ಏನಿದೆಯೆಂದು ಆ ದಿನದವರೆಗೆ ನೋಡಿರಲಿಲ್ಲ.

ಒಳಗೆ ಕಂಡದ್ದು ಧೂಳು. ಜಿನ್ನಿಂಗ್ ಫ್ಯಾಕ್ಟರಿಯ ಅಂಗಳದಲ್ಲಿ ಹತ್ತಿ ಬಿದ್ದಂತೆ, ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಹೆಪ್ಪುಗಟ್ಟಿದ ಬೂದು ಧೂಳು. ಹಿಂದಿನ ಗೋಡೆಗೆ ಒಂದು ಚೌಕಾಕಾರದ ಫ್ಯಾನು. ಅದರ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ರೋಗ ಇಷ್ಟೇ. ಬಿಸಿಗಾಳಿಯನ್ನು ಹೊರಗೆ ನೂಕಬೇಕಾದ ಫ್ಯಾನು ಸತ್ತಿದೆ, ಒಳಗಿನ ಶಾಖ ಒಳಗೇ ಉಳಿದಿದೆ. ಈಗಿನ ಪ್ರೊಸೆಸರುಗಳು ಮಿತಿ ಮೀರಿ ಕಾದಾಗ ಮೊದಲು ತಮ್ಮ ವೇಗ ತಗ್ಗಿಸಿಕೊಳ್ಳುತ್ತವೆ. ಅಷ್ಟಕ್ಕೂ ಆಗದಿದ್ದರೆ ಯಂತ್ರವೇ ಆರಿಹೋಗುತ್ತದೆ. ಅಂದರೆ ನನ್ನ ಕಂಪ್ಯೂಟರ್ ಸಾಯುತ್ತಿರಲಿಲ್ಲ, ಸಾಯದಂತೆ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು! ಅದರ ಕೂಗನ್ನು ನಾವು ಮರಣದ ಕೂಗೆಂದು ತಿಳಿದೆವು.

"ಆ ಹಳೇ ಪೆಟ್ಟಗಿ ಇನ್ನೂ ಇಟ್ಟೀಯಲ್ಲ?" ಎಂದಳು ಹುಡುಗಿ. 2010ರಲ್ಲಿ ಕೊಂಡು, ನಾಲ್ಕು ವರ್ಷಕ್ಕೆ ಮದರ್‌ಬೋರ್ಡ್ ಸುಟ್ಟುಹೋದ ಕಂಪ್ಯೂಟರೊಂದು ಅಟ್ಟದ ಮೇಲಿತ್ತು. ಮೋಡ್ಕಾದವನು ತೂಕಕ್ಕೆ ಕೇಳಿದ್ದಾಗ ಬೆಲೆ ಹೊಂದದೆ ಕೊಟ್ಟಿರಲಿಲ್ಲ. ಇಳಿಸಿ ಬಿಚ್ಚಿದರೆ ಒಳಗೆ ಅದೇ ಅಳತೆಯ ಎರಡು ಫ್ಯಾನುಗಳು. ಒಂದರ ರೆಕ್ಕೆ ಅಲ್ಲಾಡುತ್ತಿತ್ತು, ತಿರುಗಿಸಿದರೆ ಮರಳು ಉಜ್ಜಿದ ಸದ್ದು. ಅದು ಬೇಡವೆಂದು ಬದಿಗಿಟ್ಟಳು. ಇನ್ನೊಂದು ಸರಾಗವಾಗಿ ತಿರುಗುತ್ತಿತ್ತು. ಆಮೇಲೆ ಅವಳು ಕೇಳಿದ್ದು ಕೇಳಿ ನನಗೆ ನಗು ಬಂತು: "ಅತ್ತಿ, ನಿನ್ನ ಹೊಲಿಗಿ ಮಿಷನ್ನಿನ ಎಣ್ಣಿ ಎಲ್ಲಿ ಅದ?"

ಫ್ಯಾನಿನ ನಡುವಿನ ಚೀಟಿಯನ್ನು ಮೆಲ್ಲನೆ ಎಬ್ಬಿಸಿ, ಕೆಳಗಿನ ಸಣ್ಣ ಬಿರಡೆ ತೆಗೆದು, ಒಂದೇ ಹನಿ ಎಣ್ಣೆ. ಮತ್ತೆ ಚೀಟಿ ಅಂಟಿಸಿ, ರೆಕ್ಕೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ನಾಲ್ಕು ಸ್ಕ್ರೂ ಹಾಕಿ ಕೂಡಿಸಿದೆವು. ಅಲ್ಯೂಮಿನಿಯಂ ಪಟ್ಟಿಗಳ ಧೂಳು ತೆಗೆಯಲು ಅರ್ಧ ಗಂಟೆ. ಗುಂಡಿ ಒತ್ತಿದೆ. ಅರಚಾಟವಿಲ್ಲ. ಪೆಟ್ಟಿಗೆಯ ಹಿಂದೆ ಕೈಹಿಡಿದರೆ ಒಂದೇ ಸಮನೆ ಗಾಳಿ. ಆ ರಾತ್ರಿ ನಾಲ್ಕು ತಾಸು ನಿಲ್ಲದೆ ಕೆಲಸ ಮಾಡಿದೆ. ಸ್ಮರಣ ಸಂಚಿಕೆ ಎರಡು ದಿನ ಮೊದಲೇ ಅಚ್ಚಿಗೆ ಹೋಯಿತು.

ಇದರಲ್ಲಿ ಮಾಯಮಂತ್ರವೇನೂ ಇಲ್ಲ. ಡೆಸ್ಕ್‌ಟಾಪ್ ಕಂಪ್ಯೂಟರಿನ ಪೆಟ್ಟಿಗೆಯ ಫ್ಯಾನುಗಳಿಗೆ ಕೆಲವೇ ಅಳತೆಗಳು: 80, 92, 120, 140 ಮಿಲಿಮೀಟರ್. 120ರ ಫ್ಯಾನಿಗೆ ಸ್ಕ್ರೂ ರಂಧ್ರಗಳ ನಡುವಿನ ಅಂತರ 105 ಮಿಲಿಮೀಟರ್, ಯಾವ ಕಂಪೆನಿಯದಾದರೂ ಅಷ್ಟೇ. ನಡೆಯುವುದು 12 ವೋಲ್ಟಿನ ಡಿಸಿ ಕರೆಂಟಿನಿಂದ. ಮೂರು ತಂತಿಯದಾದರೆ ಸಾಮಾನ್ಯವಾಗಿ ಕಪ್ಪು ಮತ್ತು ಕೆಂಪು ಕರೆಂಟಿಗೆ, ಹಳದಿ ತಂತಿ ಎಷ್ಟು ವೇಗದಲ್ಲಿ ತಿರುಗುತ್ತಿದೆಯೆಂದು ಹೇಳುವುದಕ್ಕೆ. ನಾಲ್ಕನೆಯದಿದ್ದರೆ ಅದು ವೇಗ ಹೆಚ್ಚುಕಡಿಮೆ ಮಾಡಲು. ಮೂರು ತಂತಿಯ ಫ್ಯಾನು ನಾಲ್ಕು ಕಡ್ಡಿಯ ಜಾಗದಲ್ಲೂ ಕೂರುತ್ತದೆ, ಕೆಲವೊಮ್ಮೆ ಪೂರ್ಣ ವೇಗದಲ್ಲಿ ಓಡುತ್ತದೆ, ಅಷ್ಟೇ. ಚೀಟಿ ಅಂಟಿಸಿದ, ಅಡ್ಡಪಟ್ಟಿಗಳಿರುವ ಬದಿಗೆ ಗಾಳಿ ಹೋಗುತ್ತದೆ. ಮುಂದಿನ ಫ್ಯಾನು ತಂಪು ಗಾಳಿಯನ್ನು ಒಳಗೆ ಎಳೆಯಬೇಕು, ಹಿಂದಿನದು ಬಿಸಿಯನ್ನು ಹೊರಗೆ ನೂಕಬೇಕು. ಅಡುಗೆಮನೆಯ ಕಿಟಕಿ ಮತ್ತು ಹೊಗೆ ಹೋಗುವ ಫ್ಯಾನಿನ ಸಂಬಂಧ ಗೊತ್ತಿರುವ ಯಾವ ಹೆಣ್ಣಿಗೆ ಇದು ಅರ್ಥವಾಗುವುದಿಲ್ಲ?

ಎಚ್ಚರಗಳೂ ಇವೆ, ಅವನ್ನು ಮುಚ್ಚಿಡುವುದು ತಪ್ಪು. ಗೋಡೆಯ ಪ್ಲಗ್ ಕಿತ್ತ ಮೇಲೆಯೇ ಮುಚ್ಚಳ ಬಿಚ್ಚಬೇಕು. ಕರೆಂಟ್ ಬರುವ ತಗಡಿನ ಡಬ್ಬಿ, ಅಂದರೆ ಪವರ್ ಸಪ್ಲೈ, ಅದನ್ನು ಮಾತ್ರ ಒಡೆಯಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಕರೆಂಟ್ ಉಳಿದಿರುತ್ತದೆ. ಚೀಟಿಯ ಮೇಲೆ 12 ವೋಲ್ಟ್ ಡಿಸಿ ಎಂದಿಲ್ಲದ ಫ್ಯಾನು ಬೇಡ. ಮದರ್‌ಬೋರ್ಡಿನ ಫ್ಯಾನ್ ಕಡ್ಡಿಗಳು ಸಾಮಾನ್ಯವಾಗಿ ಒಂದು ಆಂಪಿಯರ್‌ವರೆಗೆ ಮಾತ್ರ ತಾಳುತ್ತವೆ. ಮನೆಬಳಕೆಯ ಪೆಟ್ಟಿಗೆಯ ಫ್ಯಾನು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ ಬಳಸುತ್ತದೆ, ಆದರೆ ದೊಡ್ಡ ಸರ್ವರುಗಳಿಂದ ಬಿಚ್ಚಿದ ಫ್ಯಾನುಗಳು ಮೀರಬಹುದು. ಕೆಲವು ದೊಡ್ಡ ಕಂಪೆನಿಗಳ ಪೆಟ್ಟಿಗೆಗಳಲ್ಲಿ ತಂತಿಗಳ ಕ್ರಮವೇ ಬೇರೆ, ಅಲ್ಲಿ ತಿಳಿದವರನ್ನು ಕೇಳದೆ ಸಿಕ್ಕಿಸಬಾರದು. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಹಾಕಬಾರದು, ನಾಲ್ಕು ದಿನಕ್ಕೆ ಜಿಡ್ಡುಗಟ್ಟಿ ಹಿಡಿದುಕೊಳ್ಳುತ್ತದೆ. ಬೇರಿಂಗ್ ಸವೆದು ರೆಕ್ಕೆ ಅಲ್ಲಾಡುವ ಫ್ಯಾನಿಗೆ ಎಣ್ಣೆಯೂ ಔಷಧವಲ್ಲ. ಇಷ್ಟೇ. ಪ್ರೆಷರ್ ಕುಕ್ಕರಿನ ಜೊತೆ ಬಾಳುವೆ ಮಾಡಲು ಇದಕ್ಕಿಂತ ಹೆಚ್ಚಿನ ಎಚ್ಚರ ಬೇಕು.

ಕುಕ್ಕರಿನ ಮಾತು ಬಂತು, ಅಲ್ಲಿಂದಲೇ ನನ್ನ ಜಗಳ ಶುರುಮಾಡುತ್ತೇನೆ. ಕುಕ್ಕರಿನ ಗ್ಯಾಸ್ಕೆಟ್ ಸಡಿಲಾದರೆ ನಾವು ಕುಕ್ಕರ್ ಎಸೆಯುತ್ತೇವೆಯೇ? ಮಿಕ್ಸರಿನ ಬ್ಲೇಡು ಮೊಂಡಾದರೆ ಮಿಕ್ಸರ್ ಎಸೆಯುತ್ತೇವೆಯೇ? ಸ್ಟೋವಿನ ಬರ್ನರಿನಲ್ಲಿ ಸಾರು ಉಕ್ಕಿ ಉರಿ ಹಳದಿಯಾದರೆ ಪಿನ್ನು ಹಿಡಿದು ನಾವೇ ತೂತು ಬಿಡಿಸುವುದಿಲ್ಲವೇ? ಸೀರೆಯ ಅಂಚು ಹರಿದರೆ ಫಾಲು ಹಚ್ಚುತ್ತೇವೆ, ಪೂರ್ತಿ ಸವೆದರೆ ಕೌದಿಗೆ ಸೇರಿಸುತ್ತೇವೆ. ಒಂದು ಭಾಗ ಕೆಟ್ಟರೆ ಇಡೀ ವಸ್ತು ಕೆಟ್ಟಿತೆಂದು ನಮ್ಮ ಅವ್ವಂದಿರು ಎಂದೂ ಹೇಳಿಕೊಡಲಿಲ್ಲ. ಹಾಗಿದ್ದ ಮೇಲೆ, ಅಂಗೈ ಅಗಲದ ಫ್ಯಾನೊಂದು ನಿಂತಿತೆಂದು 38,000 ರೂಪಾಯಿಯ ಚೀಟಿ ಕೈಗೆ ಬಂದಾಗ ನಾನು ಯಾಕೆ ಒಂದೂ ಪ್ರಶ್ನೆ ಕೇಳಲಿಲ್ಲ? ನೆಗಡಿ ಬಂತೆಂದು ಮೂಗು ಕೊಯ್ಯಲು ಹೊರಟವನಿಗೆ ಮುಖ ಯಾಕೆ ಒಡ್ಡಿದೆ?

ಯಾಕೆಂದರೆ ಅದು 'ಕಂಪ್ಯೂಟರು'. ಗುಂಡಿ ಒತ್ತುವುದು, ಮೈ ಒರೆಸುವುದು ನಮ್ಮ ಪಾಲು, ಮುಚ್ಚಳ ಬಿಚ್ಚುವುದು ಇನ್ಯಾರದೋ ಪಾಲು ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ನಾವು ಒಪ್ಪಿಕೊಂಡಿದ್ದೇವೆ. "ನಿನಗ್ಯಾಕ ಅದರ ಉಸಾಬರಿ, ಶಾಕ್ ಹೊಡದೀತು" ಎಂದು ಮನೆಯ ಗಂಡಸರು ಹೇಳುವುದು ಪ್ರೀತಿಯಿಂದಲೇ ಇರಬಹುದು. ಆದರೆ ಆ ಪ್ರೀತಿಗೆ ನಾವು ತೆರುವ ಬೆಲೆ ಇದೆ. ಒಳಗೇನಿದೆಯೆಂದು ಗೊತ್ತಿಲ್ಲದವಳಿಗೆ ಏನು ಹೇಳಿದರೂ ನಡೆಯುತ್ತದೆ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಕಚೇರಿಯಲ್ಲಿ ನಮಗೆ ಆಗುವುದೂ ಇದೇ ಅಲ್ಲವೇ? ಮುಚ್ಚಿದ ಪೆಟ್ಟಿಗೆ, ಒಂದು ಚೀಟಿ, ಒಂದು ಮೊತ್ತ.

ಈಗ ನನ್ನ ಎದುರು ಬರುವ ಮಾತುಗಳಿಗೆ ಉತ್ತರ ಕೊಡುತ್ತೇನೆ.

"ಹೊಸ ಫ್ಯಾನೇ ಕೆಲವು ನೂರು ರೂಪಾಯಿಗೆ ಬರುತ್ತದೆ, ಸತ್ತ ಕಂಪ್ಯೂಟರಿನದು ಯಾಕೆ?" ಸರಿಯಾದ ಪ್ರಶ್ನೆ. ಹೊಸದು ಸಿಕ್ಕರೆ ಧಾರಾಳವಾಗಿ ಹಾಕಿ. ಆದರೆ ಆ ಶನಿವಾರ ಸಂಜೆ ನನ್ನ ಅಟ್ಟದ ಮೇಲೆ ಒಂದು ಗಟ್ಟಿ ಫ್ಯಾನು ಹನ್ನೊಂದು ವರ್ಷದಿಂದ ಸುಮ್ಮನೆ ಕುಳಿತಿತ್ತು. ಮದರ್‌ಬೋರ್ಡ್ ಹಳತಾಗುತ್ತದೆ, ಪ್ರೊಸೆಸರ್ ಹಳತಾಗುತ್ತದೆ, ಗಾಳಿ ಹಳತಾಗುತ್ತದೆಯೇ? 2010ರ ಫ್ಯಾನು ಬೀಸುವುದೂ 2025ರ ಫ್ಯಾನು ಬೀಸುವುದೂ ಅದೇ ಗಾಳಿಯನ್ನು. ಅಗ್ಗವೆಂಬ ಕಾರಣಕ್ಕೆ ಒಳ್ಳೆಯದನ್ನು ಎಸೆಯುವ ಬುದ್ಧಿ ಫ್ಯಾನಿನಲ್ಲಿ ಶುರುವಾಗಿ ಪೆಟ್ಟಿಗೆಯಲ್ಲಿ ಮುಗಿಯುತ್ತದೆ.

"ಹಳೆಯದು ಎಂದಾದರೂ ಕೈಕೊಡುತ್ತದೆ." ಕೊಡುತ್ತದೆ, ಹೊಸದೂ ಕೊಡುತ್ತದೆ. ಹಳದಿ ತಂತಿಯ ಉಪಯೋಗ ಅಲ್ಲೇ ಇದೆ. ಫ್ಯಾನಿನ ವೇಗ ಪರದೆಯ ಮೇಲೆ ನೋಡಬಹುದು, ಕುಸಿದರೆ ತಿಳಿಯುತ್ತದೆ. ತಿಂಗಳಿಗೊಮ್ಮೆ ನಾನು ನೋಡುತ್ತೇನೆ.

ಮೂರನೆಯ ಮಾತು ಹೊರಗಿನವರದಲ್ಲ, ನನ್ನೊಳಗಿನದೇ. ಹೆಣ್ಣಿಗೆ ಹಳೆಯದರಲ್ಲೇ ಸುಧಾರಿಸಿಕೋ ಎಂದು ಈ ಲೋಕ ಬಹಳ ಹೇಳಿದೆ. ಅಕ್ಕನ ಲಂಗ ತಂಗಿಗೆ, ಗಂಡಸರು ಉಂಡು ಉಳಿದ ಸಾರು ಹೆಂಗಸರಿಗೆ. ಆ ಉಳಿತಾಯವನ್ನು ನಾನು ಹೊಗಳುತ್ತಿದ್ದೇನೆಯೇ? ಖಂಡಿತ ಇಲ್ಲ. ಬೇರೆ ದಾರಿಯಿಲ್ಲದೆ ಹಳೆಯದನ್ನು ಸಹಿಸಿಕೊಳ್ಳುವುದು ಒಂದು. ಯಾವುದು ಗಟ್ಟಿ, ಯಾವುದು ಸವೆದದ್ದು ಎಂದು ಪರೀಕ್ಷಿಸಿ, ಬೇಕಾದದ್ದನ್ನು ಆರಿಸಿ, ಬೇಡವಾದದ್ದನ್ನು ಪಕ್ಕಕ್ಕಿಡುವುದು ಇನ್ನೊಂದು. ಎರಡು ಫ್ಯಾನುಗಳಲ್ಲಿ ಒಂದನ್ನು ನಾವು ಬೇಡವೆಂದೆವಲ್ಲ, ಆ 'ಬೇಡ' ಎನ್ನುವ ಅಧಿಕಾರ ತಿಳಿವಳಿಕೆಯಿಂದ ಬಂದದ್ದು. ನಾಳೆ ನನ್ನ ಕಂಪ್ಯೂಟರಿನ ಹೊಟ್ಟೆಯೇ ಸುಟ್ಟುಹೋದರೆ ಹೊಸದನ್ನು ಕೊಳ್ಳುತ್ತೇನೆ, ಬೇಸರವಿಲ್ಲದೆ ಕೊಳ್ಳುತ್ತೇನೆ. ಆದರೆ ಸುಟ್ಟಿದೆಯೆಂದು ಕಣ್ಣಾರೆ ನೋಡಿದ ಮೇಲೆ.

ಇದು ನನ್ನೊಬ್ಬಳ ಪಡಸಾಲೆಯ ಮಾತೂ ಅಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ ಕಸ 620 ಲಕ್ಷ ಟನ್. ಅದರಲ್ಲಿ ಸರಿಯಾದ ಕ್ರಮದಲ್ಲಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದಕ್ಕೆ ಲೆಕ್ಕ ಸಿಗುವುದು ಶೇಕಡಾ 22.3ಕ್ಕೆ ಮಾತ್ರ. ಉಳಿದದ್ದರಲ್ಲಿ ಒಂದಷ್ಟು ಯಾವುದೋ ಊರಿನ ಹೊರವಲಯದಲ್ಲಿ ತಾಮ್ರಕ್ಕಾಗಿ ತಂತಿ ಸುಡುವವರ ಕೈಗೆ ಹೋಗುತ್ತದೆ. ಆ ಹೊಗೆ ಕುಡಿಯುವವರಲ್ಲಿ ಹೆಂಗಸರೂ ಮಕ್ಕಳೂ ಇದ್ದಾರೆ. ನಮ್ಮ ಮನೆಯಲ್ಲಿ ಅಟ್ಟ ಖಾಲಿಯಾದ ಸಂತೋಷ ಅವರ ಮನೆಯಲ್ಲಿ ಕೆಮ್ಮಾಗುತ್ತದೆ.

ಕಾನೂನು ಇಲ್ಲವೆಂದಲ್ಲ. ಎಲೆಕ್ಟ್ರಾನಿಕ್ ಕಸದ ಬಗ್ಗೆ ನಮ್ಮ ದೇಶದಲ್ಲಿ 2011ರಲ್ಲಿ, 2016ರಲ್ಲಿ ನಿಯಮಗಳು ಬಂದವು. 2022ರ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ತಯಾರಿಸಿದವರೇ ಕಸದ ಹೊಣೆ ಹೊರಬೇಕೆಂಬುದು ಅವುಗಳ ತಿರುಳು. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿತು, ಅದೇ ಡಿಸೆಂಬರಿನಲ್ಲಿ ಅದಕ್ಕೊಂದು ಜಾಲತಾಣವನ್ನೂ ತೆರೆಯಿತು. ಕೇಳಲು ಚೆನ್ನಾಗಿದೆ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಹೊಸ ವಿಂಡೋಸ್ 11 ನನ್ನ ಪೆಟ್ಟಿಗೆಯಂಥ ಹಳೆಯ ಯಂತ್ರಗಳಿಗೆ ಹತ್ತುವುದಿಲ್ಲ. ನಾನು ನನ್ನದನ್ನು ಅಂತರ್ಜಾಲದಿಂದ ಬಿಡಿಸಿ, ಪುಟ ಜೋಡಿಸುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ಕಚೇರಿಗಳು ಹೀಗೆ ಕಳಚಿ ಹಾಕುವ ಪೆಟ್ಟಿಗೆಗಳ ಹೊಟ್ಟೆಯಲ್ಲಿ ಎಷ್ಟು ಗಟ್ಟಿ ಫ್ಯಾನುಗಳಿರಬಹುದು, ಯೋಚಿಸಿ. ಹಕ್ಕು ಕಾಗದದಲ್ಲಿದ್ದರೆ ಸಾಲದು, ಸ್ಕ್ರೂ ಡ್ರೈವರ್ ಹಿಡಿದ ಕೈಯೂ ಬೇಕು.

ಇನ್ನು ಆ ಅಂಗಡಿಯ ಹುಡುಗ. ಅವನ ಮೇಲೆ ಸಿಟ್ಟಿಟ್ಟುಕೊಂಡೇ ಒಂದು ದಿನ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವನು ಜಗಳಕ್ಕೆ ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ನನಗೂ ಫ್ಯಾನ ಅಂತ ಅನಿಸಿತ್ರಿ ಅಕ್ಕಾರ. ಆದ್ರ ಬಿಚ್ಚಿ, ಧೂಳಾ ತಗದು ಕೂಡಸಾಕ ಎರಡು ತಾಸು ಬೇಕು. ಎರಡನೂರು ರೂಪಾಯಿ ಕೇಳಿದ್ರ ಗಿರಾಕಿ ಜಗಳಾ ತಗೀತಾರ. ಹೊಸಾದು ಮಾರಿದ್ರ ಯಾರೂ ಮಾತಾಡಂಗಿಲ್ಲ."

ನನ್ನ ಬಾಯಿ ಕಟ್ಟಿತು. ಅವನು ಹೇಳಿದ ಗಿರಾಕಿ ನಾನೇ ಅಲ್ಲವೇ? ಚೀಟಿಯ ಮೇಲಿನ 38,000ಕ್ಕೆ ಎದುರಾಡದವಳು, ಹಿಂದೊಮ್ಮೆ ಕೀಬೋರ್ಡ್ ಸರಿಮಾಡಿದ್ದಕ್ಕೆ ಇದೇ ಹುಡುಗನ ಜೊತೆ ಐವತ್ತು ರೂಪಾಯಿಗೆ ಚೌಕಾಸಿ ಮಾಡಿದ್ದೆ. ವಸ್ತುವಿಗೆ ಬೆಲೆಯಿದೆ ಎಂದು ನಾವು ಒಪ್ಪುತ್ತೇವೆ, ಕೈಕೆಲಸಕ್ಕೆ ಬೆಲೆಯಿದೆ ಎಂದು ಒಪ್ಪುವುದಿಲ್ಲ. ದಿನವಿಡೀ ಮನೆಗೆಲಸ ಮಾಡಿ 'ಮನೆಯಲ್ಲಿ ಸುಮ್ಮನೆ ಇದ್ದೇನೆ' ಎನ್ನಿಸಿಕೊಳ್ಳುವ ನಾವೇ ಇನ್ನೊಬ್ಬರ ಕೈಕೆಲಸವನ್ನು ಹೀಗೆ ಕಡೆಗಣಿಸಿದರೆ ಹೇಗೆ? ದುರಸ್ತಿಯ ಕೂಲಿಗೆ ಚೌಕಾಸಿ ಮಾಡುವವರೆಗೆ ದುರಸ್ತಿ ಮಾಡುವವರು ಉಳಿಯುವುದಿಲ್ಲ, ಮಾರುವವರಷ್ಟೇ ಉಳಿಯುತ್ತಾರೆ. ಅಂದು ನನ್ನ ಪ್ರಿಂಟರನ್ನು ಅವನಿಗೇ ಕೊಟ್ಟು, ಕೇಳಿದಷ್ಟು ಕೂಲಿ ಕೊಟ್ಟು ಬಂದೆ. ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಿದೆ.

ಎಲ್ಲರೂ ನಾಳೆಯಿಂದಲೇ ಕಂಪ್ಯೂಟರ್ ಬಿಚ್ಚಿ ಕೂರಿ ಎಂದು ನಾನು ಹೇಳುತ್ತಿಲ್ಲ. ಮುಂದಿನ ಸಲ ಯಾರಾದರೂ ನಿಮ್ಮ ಯಾವುದೇ ಯಂತ್ರವನ್ನು ಎರಡು ನಿಮಿಷದಲ್ಲಿ "ಮುಗೀತು" ಎಂದರೆ, ಚೀಟಿ ಕೈಗೆ ತೆಗೆದುಕೊಳ್ಳುವ ಮೊದಲು ಒಂದೇ ಮಾತು ಹೇಳಿ: "ಬಿಚ್ಚಿ ತೋರಿಸಿ." ಬಿಚ್ಚಿದ್ದಕ್ಕೆ ಕೂಲಿ ಕೊಡಿ. ನೋಡಿದ ಮೇಲೆ ಎಸೆಯುವುದೋ ಉಳಿಸುವುದೋ ನೀವೇ ತೀರ್ಮಾನಿಸಿ. ಎಸೆಯುವುದೇ ಆದರೆ, ಒಳಗಿನ ಫ್ಯಾನನ್ನು ಬೆರಳಿನಿಂದ ಒಮ್ಮೆ ತಿರುಗಿಸಿ ನೋಡಿ.

ಇದನ್ನು ಬೆರಳಚ್ಚು ಮಾಡುತ್ತಿರುವುದೂ ಅದೇ ಕಂಪ್ಯೂಟರಿನಲ್ಲಿ. ಬದಿಗಿಟ್ಟ ಆ ಅಲ್ಲಾಡುವ ಫ್ಯಾನು ಕಿಟಕಿಯ ಕಟ್ಟೆಯ ಮೇಲಿದೆ. ಇ-ಕಸ ತೆಗೆದುಕೊಳ್ಳುವವರು ಬಂದಾಗ ಕೊಡಬೇಕು. ಇನ್ನೊಂದು, ಸತ್ತ ಪೆಟ್ಟಿಗೆಯಿಂದ ಬಂದದ್ದು, ಕಾಲ ಬಳಿ ತಿರುಗುತ್ತಿದೆ. ಸದ್ದು ಕೇಳಬೇಕೆಂದರೆ ಕಿವಿಗೊಡಬೇಕು.